ಬಡತನದ ಲೆಕ್ಕ ಯಾರಿಗೆ?

ಮೀಸಲಾತಿ ಇರುವುದು ಬಡವರಿಗಾಗಿ, ಉಳ್ಳ ದಲಿತರಿಗೇಕೆ ಎಂದು ಕೇಳಿರುವ ಲೇಖಕರು ಇತಿಹಾಸವನ್ನೇ ತಲೆಕೆಳಗು ಮಾಡಿದ್ದಾರೆ. 1918ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದ್ದು ಪ್ರಜೆಗಳ ಬಡತನ ಅಳೆಯಲಲ್ಲ. ಮೈಸೂರಿನ ಸರ್ಕಾರಿ ಕುರ್ಚಿಗಳಲ್ಲಿ ಹೆಚ್ಚಿನವು ಒಂದೇ ಜಾತಿಯ ಪಾಲಾಗಿದ್ದವೆಂದು. ಸಂವಿಧಾನದ 16(4)ನೇ ವಿಧಿ ಹೇಳುವುದೂ ಪ್ರಾತಿನಿಧ್ಯದ ಮಾತನ್ನೇ.

ಬಡತನವೊಂದನ್ನೇ ಆಧಾರವಾಗಿಸಿದ್ದು 2019ರ 103ನೇ ತಿದ್ದುಪಡಿ. ಅದರ ಶೇ 10ರ ಮೀಸಲಾತಿಗೆ ಕೇಂದ್ರದ ಆದಾಯ ಮಿತಿ ವರ್ಷಕ್ಕೆ 8 ಲಕ್ಷ ರೂಪಾಯಿ. ತಿಂಗಳಿಗೆ 66 ಸಾವಿರ, ಇದು ಯಾವ ಬಡತನವೋ! ಚರಂಡಿಗಿಳಿಯುವ ಪೌರಕಾರ್ಮಿಕನ ಮಗಳು ಮಾತ್ರ ಪರಿಶಿಷ್ಟ ಜಾತಿಯವಳೆಂಬ ಕಾರಣಕ್ಕೇ ಅಲ್ಲಿ ಅನರ್ಹಳು. ಬಡವರ ಪರ ಇಷ್ಟುದ್ದ ಬರೆದವರಿಗೆ ಇದರ ಬಗ್ಗೆ ಒಂದು ಸಾಲೂ ಹೊಳೆಯಲಿಲ್ಲವೇ?