ಬಾಟಲಿಯ ಬಿರಡೆಯೂ ತೋಟದ ಹಾಳೆಯೂ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ ನನಗೆ ಮೊದಲು ನೆನಪಾದುದು ನಮ್ಮ ಶಾಲೆಯ ವಿಜ್ಞಾನದ ಕಪಾಟು, ಅದರೊಳಗಿನ ಸೀಸೆಗಳ ಕಾರ್ಕಿನ ಬಿರಡೆಗಳು. 1665ರಲ್ಲಿ ರಾಬರ್ಟ್ ಹುಕ್ ಎಂಬ ಆಂಗ್ಲ ವಿಜ್ಞಾನಿಯು ಕಾರ್ಕಿನ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಕಂಡ ಪುಟ್ಟ ಗೂಡುಗಳನ್ನು 'ಸೆಲ್' ಎಂದು ಕರೆದ ಪಾಠವನ್ನು ಮಾಸ್ತರರು ಆ ಬಿರಡೆಯೊಂದನ್ನು ಕೈಯಲ್ಲಿ ಹಿಡಿದೇ ಮಾಡಿದ್ದರು. ಕಾರ್ಕು ಎಂಬುದು ಪೋರ್ಚುಗಲ್ ಮುಂತಾದೆಡೆ ಬೆಳೆಯುವ ಒಂದು ಓಕ್ ಮರದ ತೊಗಟೆ. ಮರವನ್ನು ಕಡಿಯದೆ ಸುಮಾರು ಒಂಬತ್ತು ವರ್ಷಗಳಿಗೊಮ್ಮೆ ಅದನ್ನು ಸುಲಿಯುತ್ತಾರೆ. ತೊಗಟೆ ಮತ್ತೆ ಬೆಳೆಯುತ್ತದೆ.

ನಮ್ಮ ಅಡಿಕೆಮರ ಇದಕ್ಕಿಂತಲೂ ಉದಾರಿ. ಸುಲಿಯುವ ಶ್ರಮವನ್ನೂ ಕೊಡದೆ ವರ್ಷಕ್ಕೆ ಐದಾರು ಸೋಗೆಗಳನ್ನು ಹಾಳೆಸಹಿತ ತಾನಾಗಿಯೇ ಉದುರಿಸುತ್ತದೆ. ತುಳುವಿನಲ್ಲಿ 'ಪಾಳೆ' ಎನಿಸಿಕೊಳ್ಳುವ ಈ ಹಾಳೆಯ ಮೇಲೆ ಮಲಗಿಸಿಯೇ ನಮ್ಮನ್ನು ಅಜ್ಜಿಯಂದಿರು ಎಣ್ಣೆ ಹಚ್ಚಿ ಮೀಯಿಸಿದರು. ತಲೆಯ ಮೇಲೆ ಹೊರೆ ಹೊರುವವರಿಗೆ ಅದೇ ಮುಟ್ಟಾಳೆಯಾಯಿತು. ಸೆಕೆಗೆ ಬೀಸಣಿಗೆ, ಮಡಚಿ ಕಟ್ಟಿದರೆ ಪಡಿಗೆ, ಎಳೆಯದಾದರೆ ಹಸುವಿಗೆ ಮೇವು. ರಜೆಯ ದಿನಗಳಲ್ಲಿ ನಮಗೆ ಅದು ರಥವೂ ಆಗಿತ್ತು. ಎಳೆಯುವ ಸರದಿ ಬಂದಾಗ ಮಾತ್ರ ಎಲ್ಲರಿಗೂ ಮನೆಯ ನೆನಪಾಗುತ್ತಿತ್ತು!

ಇತ್ತೀಚಿನ ದಶಕಗಳಲ್ಲಿ ಹಾಳೆಯನ್ನು ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುವ ಉದ್ಯಮ ಬೆಳೆಯಿತು. ಕೇರಳದಲ್ಲಿ 2020ರ ಜನವರಿಯಿಂದಲೂ ದೇಶದಾದ್ಯಂತ 2022ರ ಜುಲೈಯಿಂದಲೂ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧ ಬಂದಾಗ ನಾವೆಲ್ಲ ಹಿಗ್ಗಿದೆವು. ಆದರೆ 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆಯಲ್ಲಿರುವ ಅರೆಕೋಲಿನ್‌ನಂತಹ ವಿಷಕಾರಿ ಅಂಶಗಳು ಹಾಳೆಯ ತಟ್ಟೆಯಿಂದ ಆಹಾರಕ್ಕೆ ಸೇರಬಹುದೆಂದು ಹೇಳಿ, ಅವು ಊಟಕ್ಕೆ ಯೋಗ್ಯವಲ್ಲವೆಂದಿತು. ಊರಿನಲ್ಲಿ ಅನೇಕರು ಸಿಟ್ಟಾದರು. ಇದು ಪ್ಲಾಸ್ಟಿಕ್ಕಿನವರ ಪಿತೂರಿ ಎಂದವರೂ ಉಂಟು.

ನನಗೆ ಆ ಸಿಟ್ಟು ಪೂರ್ಣವಾಗಿ ಒಪ್ಪಿಗೆಯಾಗುವುದಿಲ್ಲ. ಅಜ್ಜನ ಕಾಲದಿಂದ ಬಳಸಿದ್ದೇವೆ ಎಂಬ ವಾದ ಇಲ್ಲಿ ಸಾಲದು. ಅಜ್ಜ ಹಾಳೆಯನ್ನು ತಲೆಗಿಟ್ಟರು. ಬಿಸಿ ಸಾರನ್ನು ಬಡಿಸಿಕೊಂಡದ್ದು ಬಾಳೆಲೆಯಲ್ಲಿ. ಕುದಿಯುವ ಪದಾರ್ಥವನ್ನು ಹಾಳೆಗೆ ಸುರಿಯುವ ರೂಢಿಯೇ ಹೊಸತು. ಹಾಗಿರುವಾಗ, ಏನು ಸೇರುತ್ತದೆ, ಎಷ್ಟು ಸೇರುತ್ತದೆ ಎಂಬುದನ್ನು ಪರೀಕ್ಷಿಸಿ ಹೇಳುವ ಹೊಣೆ ನಮ್ಮದೇ. ತೆಂಗು ಅಡಿಕೆಗಳ ಸಂಶೋಧನೆಗೆಂದೇ ಇರುವ ಸಿ.ಪಿ.ಸಿ.ಆರ್.ಐ. ನಮ್ಮ ಕಾಸರಗೋಡಿನಲ್ಲೇ ಇದೆ. ತಟ್ಟೆಯ ಯಂತ್ರಕ್ಕೆ ಸಾಲ ಮಾಡಿದ ಮನೆಗಳು ನಮ್ಮ ನಡುವೆಯೇ ಇವೆ. ಅವರಿಗೆ ಬೇಕಾದುದು ಘೋಷಣೆಯಲ್ಲ, ಪರೀಕ್ಷೆಯ ಫಲಿತಾಂಶ. ಅದು ಅನುಕೂಲವಾಗಿ ಬರದಿದ್ದರೂ ಒಪ್ಪಿಕೊಂಡು, ಹಾಳೆಯಿಂದ ಬೇರೇನು ಮಾಡಬಹುದೆಂದು ಯೋಚಿಸೋಣ.

ಅಲ್ಲಿಯವರೆಗೆ ಮಹೋತ್ಸವದ ಊಟಕ್ಕೆ ಬಾಳೆಲೆಯೇ ಇರಲಿ ಎಂದು ಸಮಿತಿಯವರಲ್ಲಿ ನನ್ನ ವಿನಂತಿ. ಚಪ್ಪರದಡಿಯ ಸೆಕೆಗೆ ಹಾಳೆಯ ಬೀಸಣಿಗೆಗಳನ್ನು ನಮ್ಮ ತೋಟದಿಂದ ನಾನೇ ಮಾಡಿ ತರುತ್ತೇನೆ.