ಹಿತ್ತಿಲಂಗಳದ ಹಾವಸೆ

ಸಾಹಿತ್ಯದ ಪುಟದಲ್ಲಿ ಹಾವಸೆಯ ವಿಚಾರವೇಕೆ ಎಂದು ವಾಚಕರು ಕೇಳಬಹುದು. ಪಾಠ ಹೇಳುವವನ ಅಭ್ಯಾಸದಂತೆ ಪದದಿಂದಲೇ ತೊಡಗುತ್ತೇನೆ. ಹಳಗನ್ನಡದ 'ಪಾವಸೆ' ಹೊಸಗನ್ನಡದಲ್ಲಿ 'ಹಾವಸೆ'ಯಾಯಿತು, 'ಪುಲಿ' 'ಹುಲಿ'ಯಾದಂತೆ. ವಚನಗಳನ್ನು ಓದಿದವರಿಗೆ 'ಹಾವಸೆಗಲ್ಲು' ಎಂಬ ಮಾತು ಅಪರಿಚಿತವಲ್ಲ. ತರಗತಿಯಲ್ಲಿ ಈ ಪದಕ್ಕೆ ಅರ್ಥ ಹೇಳುತ್ತ ಹದಿನೆಂಟು ವರ್ಷ ಕಳೆದಿದ್ದೇನೆ. ಆದರೆ ಆ ಅರ್ಥ ನನಗೆ ನಿಜವಾಗಿ ತಿಳಿದದ್ದು ಹಿಂದಿನ ವರ್ಷದ ಪುನರ್ವಸು ಮಳೆಯಲ್ಲಿ, ನನ್ನ ತಾಯಿ ನಮ್ಮ ಮನೆಯ ಹಿತ್ತಿಲಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ.

ನಮ್ಮ ಮನೆ ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ದಾರಿಯ ಪಕ್ಕದಲ್ಲಿ, ಕಾಫಿ ತೋಟದ ನಡುವೆ ಇದೆ. ನಾನು ವೃತ್ತಿಯ ನಿಮಿತ್ತ ಚಿಕ್ಕಮಗಳೂರಿನಲ್ಲಿದ್ದು, ವಾರಕ್ಕೊಮ್ಮೆ ಊರಿಗೆ ಹೋಗುವವನು. ಹೆಸರಿಗೆ ಒಂದೇ ಜಿಲ್ಲೆ. ಆದರೆ ಪೂರ್ವದ ಕಡೂರಿನವರು ಮೋಡಕ್ಕೆ ಕೈಮುಗಿಯುವ ಹೊತ್ತಿನಲ್ಲಿ ನಮ್ಮ ಕಡೆಯವರು ಬಿಸಿಲಿಗೆ ಕೈಮುಗಿಯುತ್ತಿರುತ್ತಾರೆ. ಮೂಡಿಗೆರೆಯ ಸೀಮೆಯಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಮೀರಿ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಮೃಗಶಿರೆಯಲ್ಲಿ ಹಿಡಿದ ಮಳೆ ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷಗಳನ್ನು ದಾಟಿ ಮಖೆಯಲ್ಲಿ ತುಸು ಉಸಿರು ಬಿಟ್ಟರೆ ಪುಣ್ಯ. ಅಷ್ಟು ದಿನವೂ ಅಂಗಳ ಒಣಗುವುದೆಂಬುದಿಲ್ಲ.

ನನ್ನ ಬಾಲ್ಯದಲ್ಲಿ ಈ ಅಂಗಳಕ್ಕೆ ವರ್ಷಕ್ಕೆ ಎರಡು ವೇಷ. ದೀಪಾವಳಿ ಕಳೆದ ಮೇಲೆ ಹುಲ್ಲು ಕೆತ್ತಿ, ಕುಳಿಗಳಿಗೆ ಮಣ್ಣು ತುಂಬಿ, ನೀರು ಚಿಮುಕಿಸಿ, ಮರದ ಹಲಗೆಯಿಂದ ಬಡಿದು ಗಟ್ಟಿ ಮಾಡಿ, ಸಗಣಿಯಿಂದ ಸಾರಿಸಿದರೆ ಅದು ಕಾಫಿಯ ಕಣ. ಸುಗ್ಗಿ ಮುಗಿದು ರೋಹಿಣಿ ಮಳೆ ಹತ್ತಿರವಾಯಿತೆಂದರೆ ಅಂಚಿನ ಚರಂಡಿಗಳನ್ನು ಬಿಡಿಸಿ, ಅಡುಗೆಮನೆಯ ಬಾಗಿಲಿನಿಂದ ಬಚ್ಚಲಿನವರೆಗೆ, ಬಚ್ಚಲಿನಿಂದ ಕೊಟ್ಟಿಗೆಯವರೆಗೆ ಒರಟು ಕಲ್ಲುಗಳನ್ನು ಹೆಜ್ಜೆಗೊಂದರಂತೆ ಜೋಡಿಸಿ, ಉಳಿದ ನೆಲಕ್ಕೆ ಅಡಿಕೆ ಸೋಗೆ ಹಾಸುತ್ತಿದ್ದರು. ಸೋಗೆ ಕೊಳೆತರೆ ಹೊಸದು. ಕಲ್ಲು ಜಾರತೊಡಗಿದರೆ ಮೋಟು ಪೊರಕೆಯಿಂದ ಉಜ್ಜುವುದು. ಅಂಗಳವೆಂಬುದು ನಮ್ಮವರ ಪಾಲಿಗೆ ಒಂದು ವಸ್ತುವಾಗಿರಲಿಲ್ಲ, ಒಂದು ಕೆಲಸವಾಗಿತ್ತು.

ತಂದೆಯವರು ತೀರಿಕೊಂಡ ಮೇಲೆ ನಾನು ಆ ಅಂಗಳಕ್ಕೆ ಕಾಂಕ್ರೀಟು ಹಾಕಿಸಿದೆ. ಹಾಕಿಸಿದ್ದು ತಪ್ಪೆಂದು ಈಗಲೂ ಹೇಳಲಾರೆ. ಸಗಣಿ ಸಾರಿಸಿದ ನೆಲದಲ್ಲಿ ಒಣಗಿದ ಕಾಫಿಗೆ ಮಣ್ಣಿನ ವಾಸನೆ ಹಿಡಿಯುತ್ತದೆ; ಸ್ವಚ್ಛವಾದ ಗಟ್ಟಿ ಕಣದಲ್ಲಿ ಒಣಗಿಸಿರೆಂದು ಕಾಫಿ ಮಂಡಳಿಯವರು ಹೇಳುವುದು ಸುಮ್ಮನಲ್ಲ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಹಳೆಯ ಅಂಗಳದ ಚೆಲುವನ್ನು ನಾವು ಜಗಲಿಯಲ್ಲಿ ಕುಳಿತು ಸವಿದೆವು. ಬಗ್ಗಿ ಬಡಿದವರು, ಸಾರಿಸಿದವರು ತೋಟದ ಲೈನುಮನೆಗಳ ಹೆಂಗಸರು. ಬೇರೆಯವರ ಬೆನ್ನಿನ ಮೇಲೆ ನಿಂತ ಚೆಲುವಿಗಾಗಿ ಹಂಬಲಿಸಿ ಪ್ರಬಂಧ ಬರೆಯಲು ನನಗೆ ಮನಸ್ಸಿಲ್ಲ.

ನನ್ನ ತಪ್ಪು ಬೇರೆಯದು. ಗಾರೆ ನಯವಾಗಿರಲಿ ಎಂದು ಮೇಸ್ತ್ರಿಗೆ ಹೇಳಿದವನು ನಾನೇ. ಆ ದಿನ ಅಲ್ಲಿ ನಿಂತಿದ್ದ ಹಿರಿಯ ಕೆಲಸದಾಕೆ, ನನ್ನನ್ನು ಎತ್ತಿ ಆಡಿಸಿದವಳು, "ಸಣ್ಣಯ್ಯಾ, ಮಳೆಗಾಲದಲ್ಲಿ ಇದು ಕನ್ನಡಿ ಆಗ್ತದೆ" ಎಂದಳು. "ಇರಲಿ, ಇನ್ನು ನಿಮಗೆಲ್ಲ ಕೆಲಸ ಕಡಿಮೆಯಾಯಿತಲ್ಲ" ಎಂದೆ. "ನಮಗೆ ಕಡಿಮೆ ಆಯ್ತು. ಅಂಗಳಕ್ಕೆ ಕಡಿಮೆ ಆಗ್ತದಾ?" ಎಂದು ಕೇಳಿ ಆಕೆ ತನ್ನ ದಾರಿ ಹಿಡಿದಳು. ನಾನು ನಕ್ಕೆ.

ಮೊದಲ ಎರಡು ಮಳೆಗಾಲ ಅಂಗಳ ನನ್ನ ಪಕ್ಷವನ್ನೇ ವಹಿಸಿತು. ಹೊಸ ಸಿಮೆಂಟಿನಲ್ಲಿ ಸುಣ್ಣದ ಕ್ಷಾರಗುಣ ಪ್ರಬಲವಾಗಿರುತ್ತದೆ. ಹಾವಸೆ ಅಲ್ಲಿ ಸುಲಭವಾಗಿ ಬೇರೂರದು. ಗಾಳಿ ಮಳೆಗಳು ಆ ಗುಣವನ್ನು ವರ್ಷದಿಂದ ವರ್ಷಕ್ಕೆ ಕಳೆಯುತ್ತವೆ. ಆಮೇಲೆ ಹಾವಸೆಗೆ ಬೇಕಾದ್ದು ನೀರು, ಒಂದಿಷ್ಟು ಬೆಳಕು, ಅಂಟಿಕೊಳ್ಳಲು ಕಣ್ಣಿಗೆ ಕಾಣದಷ್ಟು ಕಸ. ಮೇಲೆ ಚಾಚಿದ ಮರದ ನೆರಳು ಇದ್ದರಂತೂ ಮುಗಿಯಿತು. ಕೆಡುವುದು ಒಂದೇ ದಿನದಲ್ಲಿ ಆಗುವುದಿಲ್ಲವಾದ್ದರಿಂದ ವಾರಕ್ಕೊಮ್ಮೆ ಬಂದು ಹೋಗುವವನ ಕಣ್ಣಿಗೆ ಅದು ಬೀಳುವುದಿಲ್ಲ. ಮೂರನೆಯ ವರ್ಷ ನೆಲ ಹಸುರಾಗಿತ್ತು. ನಾಲ್ಕನೆಯ ವರ್ಷ ಕಪ್ಪಾಗಿತ್ತು. ತಾಯಿ ಬಚ್ಚಲಿನ ಒಲೆಗೆ ಸೌದೆ ತರಲು ಹೊರಟಿದ್ದರು. ಹಿಂದೆ ಅದೇ ದಾರಿಯಲ್ಲಿ ಒರಟು ಕಲ್ಲುಗಳಿದ್ದುವು.

ಆಸ್ಪತ್ರೆಯಲ್ಲಿ ನಾನು ಅಂಗಳವನ್ನು ಬಯ್ಯುತ್ತಿದ್ದಾಗ ಅವರು ಹೇಳಿದರು: "ಅಂಗಳ ಏನು ಮಾಡೀತು ಮಗ? ಅದನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ." ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಇದು ನನ್ನೊಬ್ಬನ ಕಥೆಯಲ್ಲವೆಂದು ಬೇಗನೆ ತಿಳಿಯಿತು. ಮೂಡಿಗೆರೆಯ ಬಳಿ ಹೋಮ್‌ಸ್ಟೇ ನಡೆಸುವ ನನ್ನ ಮಿತ್ರರೊಬ್ಬರು ಕಣಿವೆಯ ನೋಟಕ್ಕೆಂದು ಮನೆಯ ಹಿಂದೆ ಮರದ ಹಲಗೆ ಹಾಸಿದ ಬಯಲು ಜಗಲಿ ಕಟ್ಟಿಸಿದ್ದರು. ಎರಡನೆಯ ಮಳೆಗಾಲ ಕಳೆಯುವ ಹೊತ್ತಿಗೆ ಹಲಗೆಗಳ ತುದಿ ಬೆಂಡಾಗಿ, ಒಂದು ಕಡೆ ಕಾಲು ಇಳಿಯಿತು. ನೋಡಲು ಬಂದ ಬಡಗಿ ಹಲಗೆಯನ್ನು ಎಬ್ಬಿಸಿ ತೋರಿಸಿದ: ಸಂದಿಲ್ಲದಂತೆ ಜೋಡಿಸಿದ ಹಲಗೆಗಳು, ಕೆಳಗೆ ಗಾಳಿಯಾಡದ ಕತ್ತಲೆ, ಮಣ್ಣಿಗೆ ನೇರವಾಗಿ ಊರಿದ ಕಂಬಗಳು, ಅವುಗಳಿಗೆ ಗೆದ್ದಲು. ಮರ ನೆನೆಯುವುದರಿಂದ ಕೊಳೆಯುವುದಿಲ್ಲ, ಒಣಗಲು ಅವಕಾಶವಿಲ್ಲದೆ ಕೊಳೆಯುತ್ತದೆ ಎಂಬುದು ಅವನ ವಾದದ ಸಾರ. ನಮ್ಮ ಹಳೆಯ ತೊಟ್ಟಿಮನೆಗಳ ಕಂಬಗಳನ್ನು ಕಲ್ಲಿನ ಪೀಠದ ಮೇಲೆ ನಿಲ್ಲಿಸಿದ್ದು ಅಲಂಕಾರಕ್ಕಲ್ಲ.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ವಿದ್ಯೆಯೇನೂ ಬೇಡ; ಒಂದು ಪಂಚಾಂಗ ಸಾಕು. ಮರದ ಜಗಲಿಯಿದ್ದವರು ಹೂಮಳೆಗೆ ಮೊದಲೇ, ಫೆಬ್ರವರಿ ಮಾರ್ಚ್ ತಿಂಗಳ ಒಣ ಬಿಸಿಲಿನಲ್ಲಿ, ಹಲಗೆಗಳನ್ನು ಉಜ್ಜಿ ತೊಳೆದು, ಚೆನ್ನಾಗಿ ಒಣಗಿದ ಮೇಲೆ ಎಣ್ಣೆ ಕುಡಿಸಬೇಕು. ಹಿರಿಯರು ಇದಕ್ಕೆ ಗೇರೆಣ್ಣೆಯನ್ನು ಬಳಸುತ್ತಿದ್ದರು. ಹೆಚ್ಚು ನೀರು ಹೀರುವುದು ಹಲಗೆಯ ಕತ್ತರಿಸಿದ ತುದಿ. ಅದಕ್ಕೆ ಇನ್ನೊಂದು ಕೈ ಹೆಚ್ಚು. ಸಂದುಗಳಲ್ಲಿ ಸಿಕ್ಕಿದ ಎಲೆಯನ್ನು ಕಡ್ಡಿಯಿಂದ ತೆಗೆಯಬೇಕು. ಮೇ ತಿಂಗಳಲ್ಲಿ ತೋಟದ ಮರಗಸಿ ಮಾಡಿಸುವಾಗ ಅಂಗಳದ ಮೇಲೆ ಬಾಗಿದ ಕೊಂಬೆಗಳನ್ನೂ ಮರೆಯದೆ ತೆಗೆಸಬೇಕು. ಕಾಫಿಗಿಡಕ್ಕೆ ನೆರಳಿನ ಹದ ನೋಡುವ ನಾವು ಮನುಷ್ಯರು ನಡೆಯುವ ನೆಲಕ್ಕೆ ಬೆಳಕಿನ ಹದ ನೋಡುವುದಿಲ್ಲ. ತೋಟದಲ್ಲಿ ನೀರು ನಿಲ್ಲಿಸಿ ಇಂಗಿಸಲು ತೊಟ್ಟಿಲುಗುಂಡಿ ತೆಗೆಯುವಂತೆ, ಅಂಗಳದ ನೀರಿಗೂ ಹೋಗಲೊಂದು ದಾರಿ, ಇಂಗಲೊಂದು ಜಾಗ ಬೇಕು. ಗಚ್ಚಿನ ನೆಲವನ್ನು ಮಳೆಗೆ ಮುಂಚೆ ಒಮ್ಮೆ, ಮಳೆಯ ನಡುವೆ ಹದಿನೈದು ದಿನಕ್ಕೊಮ್ಮೆ, ಗಟ್ಟಿ ಪೊರಕೆಯಿಂದ ಉಜ್ಜಬೇಕು. ಬ್ಲೀಚಿಂಗ್ ಪುಡಿ ಬಳಸುವವರು ಅದರ ನೀರು ಬಾವಿಗೂ ಗಿಡದ ಬುಡಕ್ಕೂ ಹರಿಯದಂತೆ ನೋಡಿಕೊಳ್ಳಬೇಕು. 2019ರ ಆಗಸ್ಟಿನಲ್ಲಿ ಮೂಡಿಗೆರೆ ಸೀಮೆಯ ಗುಡ್ಡಗಳು ಜರಿದಂಥ ಮಳೆಗೆ ಈ ಪೊರಕೆ, ಚರಂಡಿಗಳು ಉತ್ತರವಲ್ಲವೆಂಬುದನ್ನು ಬಲ್ಲೆ. ನಾನು ಹೇಳುತ್ತಿರುವುದು ಪ್ರತಿ ವರ್ಷವೂ ತಪ್ಪದೆ ಬರುವ ಮಳೆಯ ಮಾತು.

ಇಷ್ಟನ್ನು ಹೇಳಿದ ಮೇಲೆ ಇನ್ನೊಂದು ಮಾತು ಉಳಿಯುತ್ತದೆ. ಕಟ್ಟುವುದಕ್ಕೆ ನಮ್ಮಲ್ಲಿ ದೊರೆಯುವ ಗೌರವ ಕಾಯ್ದುಕೊಳ್ಳುವುದಕ್ಕೆ ದೊರೆಯುವುದಿಲ್ಲ. ಕಟ್ಟಿಸಿದವನ ಹೆಸರಿಗೆ ಕಲ್ಲು ನೆಡುತ್ತೇವೆ. ವರ್ಷವರ್ಷವೂ ಅದರ ಚರಂಡಿ ಬಿಡಿಸಿದವನ ಹೆಸರನ್ನು ಯಾವ ಕಲ್ಲಿನಲ್ಲಿ ಓದಿದ್ದೇವೆ? ಊರಿನ ಕಾಲುಸಂಕ, ಶಾಲೆಯ ಮಾಡು, ವಾಚನಾಲಯದ ಗೋಡೆ, ಎಲ್ಲದಕ್ಕೂ ಇದೇ ಗತಿ. ಕಟ್ಟಲು ಹಣ ಮಂಜೂರಾಗುತ್ತದೆ, ಹಂಚು ಸರಿಪಡಿಸಲು ಆಗುವುದಿಲ್ಲ. ಕೊನೆಗೆ ಹಂಚಿನ ಬದಲು ಮಾಡೇ ಹೋಗುತ್ತದೆ. ನಮ್ಮ ವಿದ್ಯಾಭ್ಯಾಸವೂ ಇದಕ್ಕೆ ತಕ್ಕಂತೆಯೇ ಇದೆ. ಓದಿದವನು ಪೊರಕೆ ಹಿಡಿಯಬಾರದೆಂದು ಯಾವ ಪಠ್ಯದಲ್ಲಿಯೂ ಬರೆದಿಲ್ಲ, ಆದರೂ ಎಲ್ಲರೂ ಕಲಿತಿರುತ್ತೇವೆ. ಕಾಯಕದ ಮೇಲೆ ಹತ್ತು ಅಂಕದ ಪ್ರಶ್ನೆ ಕೊಡುವ ನಾನು ಆ ಪಾಠವನ್ನು ಇತರರಿಗಿಂತ ಚೆನ್ನಾಗಿಯೇ ಕಲಿತಿದ್ದೆ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟೆ: ಮಣ್ಣಾಗಲಿ, ಗಚ್ಚಾಗಲಿ, ಮರವಾಗಲಿ, ಮಳೆಯ ನಾಡಿನಲ್ಲಿ ಕೆಲಸ ಬೇಡದ ನೆಲವೆಂಬುದಿಲ್ಲ. ಕಟ್ಟುವ ಮೊದಲು, ಇದನ್ನು ವರ್ಷವರ್ಷ ನೋಡಿಕೊಳ್ಳುವವರು ಯಾರು ಎಂದು ಕೇಳಿಕೊಳ್ಳಬೇಕು. ಉತ್ತರ 'ಯಾರಾದರೂ' ಎಂದಾದರೆ ಕಟ್ಟದಿರುವುದೇ ಲೇಸು.

ಈ ವರ್ಷ ರಜೆಯಲ್ಲಿ ನಯವಾದ ಗಾರೆಯ ಮೇಲೆ ಉಳಿಯಿಂದ ಅಡ್ಡಗೀರು ಹಾಕಿಸಿ ಒರಟು ಮಾಡಿಸಿದೆ. ಬಚ್ಚಲಿನ ದಾರಿಗೆ ಹಳೆಯ ಕಲ್ಲುಗಳನ್ನು ಹುಡುಕಿ ತಂದು ಕೂರಿಸಿದೆ. ಮೇ ತಿಂಗಳ ಕೊನೆಯ ಭಾನುವಾರ ಪಂಚೆ ಎತ್ತಿ ಕಟ್ಟಿ ನಾನೇ ಪೊರಕೆ ಹಿಡಿದೆ. ಊರುಗೋಲಿನೊಡನೆ ಜಗಲಿಯಲ್ಲಿ ಕುಳಿತಿದ್ದ ತಾಯಿ ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದು, ಕೊನೆಗೆ, "ಆ ಮೂಲೆ ಬಿಟ್ಟೆ" ಎಂದರು. ನೋಡಿದೆ, ಬಿಟ್ಟಿದ್ದೆ.