ತಾಯಿಯ ಚಿಂತೆ, ಮಗನ ಮೋಟಾರು ಸೈಕಲ್ಲು

ನಮ್ಮ ಮಿತ್ರರೊಬ್ಬರ ಮನೆಯಲ್ಲಿ ಒಂದು ತಿಂಗಳಿಂದ ನೆಮ್ಮದಿಯಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಉದ್ಯೋಗದಲ್ಲಿರುವ ಅವರ ಚಿರಂಜೀವಿಯು, ಒಳ್ಳೆಯ ಕಾರು ಇದ್ದೂ, ತನಗಿಂತ ವಯಸ್ಸಿನಲ್ಲಿ ಹಿರಿದಾದ ಹಾರ್ಲೆ-ಡೇವಿಡ್‌ಸನ್ ಮೋಟಾರು ಸೈಕಲ್ಲೊಂದನ್ನು ಕೊಂಡು, ತನ್ನ ಇಷ್ಟದಂತೆ ಕಡಿಸಿ ಜೋಡಿಸಿ, ಅದರ ಮೇಲೆ ಸಾವಿರಾರು ಮೈಲಿ ಹೋಗಿಬರುವೆನೆಂದು ತಿಳಿಸಿದ್ದಾನೆ. "ಹೊಸದು ಕೊಳ್ಳಲು ಹಣ ಸಾಲದೇನೋ, ವಿಚಾರಿಸಿ" ಎಂದು ಆ ತಾಯಿಯು ನಮ್ಮೊಡನೆ ಹೇಳಿಕೊಂಡರು. ಇದು ಹಣದ ಮಾತಲ್ಲವೆಂದು ತಿಳಿಯಪಡಿಸುವ ಭಾರವು ನಮ್ಮ ಮೇಲೆ ಬಿದ್ದಿತು.

ಈ ವಾಹನಗಳಲ್ಲಿ ಆಸನವು ತಗ್ಗು. ಸವಾರನು ಆರಾಮ ಕುರ್ಚಿಯಲ್ಲಿ ಒರಗಿದವನಂತೆ ಕಾಣುತ್ತಾನೆ. ಎಂಜಿನಿನ ಎರಡು ಸಿಲಿಂಡರುಗಳು 45 ಡಿಗ್ರಿ ಕೋನದಲ್ಲಿ ಕವಲೊಡೆದು, ಎರಡರ ದಂಡಗಳೂ ಕೆಳಗೆ ಒಂದೇ ಕೀಲಿಗೆ ಸೇರಿರುವುದರಿಂದ ಅವುಗಳ ಹೊಡೆತಕ್ಕೆ ಸಮನಾದ ಅಂತರವಿಲ್ಲ. ಒಂದು ಬೇಗ, ಇನ್ನೊಂದು ತಡ. ಕುಂಟುತ್ತ ಓಡುವ ಕುದುರೆಯ ಹೆಜ್ಜೆಯಂತಿರುವ ಈ ಸದ್ದನ್ನು ರಸಿಕರು ಸಂಗೀತವೆನ್ನುವರು. ನೆರೆಮನೆಯವರ ಅಭಿಪ್ರಾಯ ಬೇರೆಯಿದ್ದೀತು. ಮೆಲ್ಲಗೆ ತಿರುಗುವಾಗಲೇ ಈ ಎಂಜಿನು ಬಲವಾಗಿ ಎಳೆಯುವುದರಿಂದ, ನೇರವಾದ ಉದ್ದ ರಸ್ತೆಯಲ್ಲಿ ಪದೇ ಪದೇ ಗೇರು ಬದಲಿಸುವ ಗೋಜಿಲ್ಲ. ಕೆಟ್ಟರೆ ಕಂಪ್ಯೂಟರಿನ ಅಪ್ಪಣೆಗೆ ಕಾಯಬೇಕಿಲ್ಲ. ದಾರಿಯ ಪಕ್ಕದಲ್ಲಿ ಕುಳಿತು ಕಾರ್ಬುರೇಟರನ್ನು ಬಿಚ್ಚಿ ಶುಚಿಮಾಡಬಹುದು. ತಾನೇ ಜೋಡಿಸಿದ ಯಂತ್ರವು ತನ್ನನ್ನು ದೂರ ಮುಟ್ಟಿಸಿತೆಂಬ ಸಂತೋಷವೇ ಈ ಮೋಹದ ತಿರುಳೆಂದು ನಮಗೆ ತೋರುತ್ತದೆ.

ಆದರೆ ಕಡಿಯುವುದನ್ನು ಎಲ್ಲಿ ನಿಲ್ಲಿಸಬೇಕು? ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕಾದ ತರುಣರು ತೂಕವಿಳಿಸಲೆಂದು ಮಡ್‌ಗಾರ್ಡುಗಳನ್ನು ಮೊಟಕುಮಾಡಿದರು. ಅದರಲ್ಲಿ ಅರ್ಥವಿತ್ತು. 1960ರ ದಶಕಕ್ಕೆ ಅದು ಅಲಂಕಾರವಾಗಿ, ಮುಂದಿನ ಫೋರ್ಕು ಮಾರುದ್ದ ಚಾಚಿ, 'ಚಾಪರ್' ಎಂಬ ಹೆಸರು ಬಂದಿತು. 1969ರ 'ಈಜಿ ರೈಡರ್' ಚಲಚ್ಚಿತ್ರವು ಇದನ್ನು ಲೋಕಪ್ರಸಿದ್ಧಗೊಳಿಸಿತು. ಅದರ ವಾಹನಗಳನ್ನು ಸಿದ್ಧಪಡಿಸಿದವರು ಕ್ಲಿಫ್ ವಾಸ್, ಬೆನ್ ಹಾರ್ಡಿ ಎಂಬ ಇಬ್ಬರು ಕರಿಯರು. ಚಿತ್ರದಲ್ಲಿ ಅವರ ಹೆಸರನ್ನೇ ಹಾಕಲಿಲ್ಲವೆಂಬುದು ಖೇದಕರ. ಅಂದಹಾಗೆ, ನಾಯಕನ ವಾಹನಕ್ಕೆ ಹಿಂದೆ ಸ್ಪ್ರಿಂಗಿಲ್ಲ, ಮುಂದೆ ಬ್ರೇಕಿಲ್ಲ, ಟ್ಯಾಂಕು ಪುಟ್ಟದು. ತೆರೆಯ ಮೇಲೆ ಅದು ಚೆನ್ನ. ನಿಜವಾದ ದಾರಿಯಲ್ಲಿ ಪ್ರತಿಯೊಂದು ಗುಂಡಿಯೂ ಬೆನ್ನೆಲುಬಿಗೆ ಲೆಕ್ಕ ಒಪ್ಪಿಸೀತು. ಹಾರ್ಲೆ ಕಂಪೆನಿಯವರೇ 1958ರಲ್ಲಿ ದೊಡ್ಡ ವಾಹನದ ಹಿಂಚಕ್ರಕ್ಕೆ ಸ್ಪ್ರಿಂಗು ಕೊಟ್ಟಮೇಲೆ, ಅದನ್ನು ಕಿತ್ತು ಹಾಕಿ ದೂರ ಹೋಗುವುದು ಯಾವ ವಿವೇಕವೋ ನಾವರಿಯೆವು.

ಇಷ್ಟು ಕೇಳಿ ಆ ತಾಯಿಯ ಮುಖ ಮತ್ತೂ ಬಾಡಿತು. ಆಗ ನಾವು ಎಫಿ ಹಾಚ್‌ಕಿಸ್ ಎಂಬ ಬ್ರೂಕ್ಲಿನ್ ತರುಣಿಯ ಕಥೆ ಹೇಳಿದೆವು. 1915ರಲ್ಲಿ ಆಕೆ ಹಾರ್ಲೆ ವಾಹನದ ಸೈಡ್‌ಕಾರಿನಲ್ಲಿ ತಾಯಿ ಏವಿಸ್‌ರನ್ನು ಕೂರಿಸಿಕೊಂಡು ಸ್ಯಾನ್ ಫ್ರಾನ್ಸಿಸ್ಕೋದವರೆಗೆ ಹೋಗಿ ಹಿಂದಿರುಗಿದಳು. ಒಟ್ಟು ಸುಮಾರು 9000 ಮೈಲಿ. ದಾರಿಯಲ್ಲಿ ಟ್ಯೂಬುಗಳು ಮುಗಿದಾಗ ಕಂಬಳಿಯನ್ನು ಕತ್ತರಿಸಿ ಸುತ್ತಿ ಟೈರಿನೊಳಕ್ಕೆ ತುರುಕಿದರಂತೆ. ಅಟ್ಲಾಂಟಿಕ್ ಸಾಗರದಿಂದ ತಂದಿದ್ದ ನೀರನ್ನು ಪೆಸಿಫಿಕ್ಕಿಗೆ ಸುರಿದರು.

"ತಾಯಿಯೂ ಹೋದರೇ?" ಎಂದು ಆಕೆ ಎರಡು ಸಲ ಕೇಳಿದರು. ಅನಂತರ ಕನ್ನಡಕ ಹಾಕಿಕೊಂಡು, ಹಿಂದೆ ಸ್ಪ್ರಿಂಗು, ಮುಂದೆ ಬ್ರೇಕು, ದೊಡ್ಡ ಟ್ಯಾಂಕು ಎಂದು ಮಗನನ್ನು ಕೇಳತಕ್ಕ ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು.